ಮೀಟರ್ ಕಡಿಮೆ, ವಯಸ್ಸು ಜಾಸ್ತಿ: ಮಲೆನಾಡಿನಲ್ಲಿ ಹಳೇ ದೊಡ್ಡ ಸೆಡಾನ್ ಇಟ್ಟುಕೊಳ್ಳುವವರಿಗೆ

ಹೋಂಡಾ ಅಕಾರ್ಡ್, ಟೊಯೋಟಾ ಕ್ಯಾಮ್ರಿ, ಸ್ಕೋಡಾ ಲಾರಾ, ಸುಪರ್ಬ್, ಫೋಕ್ಸ್‌ವ್ಯಾಗನ್ ಪಸ್ಸಾಟ್. ಬೆಂಜ್, ಬಿಎಂಡಬ್ಲ್ಯೂಗಳಿಗಿಂತ ಒಂದು ಮೆಟ್ಟಿಲು ಕೆಳಗೆ, ಮಿಕ್ಕ ಕಾರುಗಳಿಗಿಂತ ಎರಡು ಮೆಟ್ಟಿಲು ಮೇಲೆ ನಿಂತಿದ್ದ ಗಾಡಿಗಳಿವು. 2008–2010ರ ಮಾಡೆಲ್‌ಗಳು ಈಗ ಎರಡು ಮೂರು ಲಕ್ಷಕ್ಕೆಲ್ಲ ಕೈಗೆ ಸಿಗುತ್ತವೆ. ಬೆಂಗಳೂರಿನಲ್ಲಿ ಯಾರೋ ಜೋಪಾನವಾಗಿ ಓಡಿಸಿದ್ದು ಶಿವಮೊಗ್ಗಕ್ಕೋ ತೀರ್ಥಹಳ್ಳಿಗೋ ಬಂದಾಗ ಮಾರುವವನ ಮಾತು ಯಾವಾಗಲೂ ಒಂದೇ: "ಮೀಟರ್ ನೋಡಿ ಸಾರ್, ಎಪ್ಪತ್ತು ಸಾವಿರವೂ ಓಡಿಲ್ಲ."

ಆ ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಹದಿನೈದು ವರ್ಷದ ಗಾಡಿಯಲ್ಲಿ ಕೆಡುವುದು ಹೆಚ್ಚಾಗಿ ಓಡಿದ ದೂರದಿಂದ ಕೆಡುವ ವಸ್ತುವಲ್ಲ. ಪಿಸ್ಟನ್, ಕ್ರ್ಯಾಂಕ್, ಗೇರಿನ ಹಲ್ಲು ಕಿಲೋಮೀಟರ್ ಲೆಕ್ಕದಲ್ಲಿ ಸವೆಯುತ್ತವೆ. ರಬ್ಬರ್, ಪ್ಲಾಸ್ಟಿಕ್, ದ್ರವಗಳು, ವೈರಿಂಗ್ ಕನೆಕ್ಟರ್‌ಗಳು ವರ್ಷದ ಲೆಕ್ಕದಲ್ಲಿ ಹೋಗುತ್ತವೆ, ಶೆಡ್ಡಿನಲ್ಲಿ ನಿಂತೇ ಇದ್ದರೂ. ತೇವದ ಊರಿನಲ್ಲಿ ಇನ್ನೂ ಬೇಗ. ಸರ್ವಿಸ್ ಪುಸ್ತಕದಲ್ಲಿ "ಇಷ್ಟು ಕಿ.ಮೀ. ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು" ಎಂದು ಬರೆದಿರುತ್ತದಲ್ಲ, ನಮ್ಮ ಕಡೆ ಹೆಚ್ಚಿನವರು ಮೊದಲರ್ಧ ಓದಿ ಪುಸ್ತಕ ಮುಚ್ಚುತ್ತಾರೆ.

ಇನ್ನೊಂದು ಲೆಕ್ಕವೂ ಗೊತ್ತಿರಲಿ. ಗಾಡಿಯ ಬೆಲೆ ಇಳಿದಿದೆ, ಅದರ ಬಿಡಿಭಾಗದ ಬೆಲೆ ಇಳಿದಿಲ್ಲ. ಸುಪರ್ಬಿನ ಶಾಕ್ ಅಬ್ಸಾರ್ಬರ್ ಇವತ್ತಿಗೂ ಇಪ್ಪತ್ತು ಲಕ್ಷದ ಕಾರಿನ ಶಾಕ್ ಅಬ್ಸಾರ್ಬರೇ. ಆದ್ದರಿಂದ ಕೊಳ್ಳುವಾಗಲೇ ಮೊದಲ ವರ್ಷದ ರಿಪೇರಿಗೆಂದು ಬೇರೆ ದುಡ್ಡು ತೆಗೆದಿಡಬೇಕು. ಅದಿಲ್ಲದಿದ್ದರೆ ಇಂಥ ಗಾಡಿ ಬೇಡ ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಘಾಟಿ ಇಳಿಯುವ ಮುಂಚೆ ಬ್ರೇಕ್ ಆಯಿಲ್

ಮೊದಲು ಬ್ರೇಕ್, ಯಾಕೆಂದರೆ ನಮ್ಮಲ್ಲಿ ಇದು ಜೀವದ ವಿಷಯ. ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ನಿಜವಾಗಿ ಎಣ್ಣೆಯಲ್ಲ, ಗ್ಲೈಕಾಲ್ ಮೂಲದ ದ್ರವ. ಅದಕ್ಕೆ ಗಾಳಿಯ ತೇವವನ್ನು ಹೀರುವ ಗುಣ. ಡಬ್ಬಿಯ ಮುಚ್ಚಳದ ಸಣ್ಣ ಕಿಂಡಿಯಿಂದ, ರಬ್ಬರ್ ಹೋಸಿನ ಗೋಡೆಯ ಮೂಲಕ ಕೂಡ ನಿಧಾನಕ್ಕೆ ನೀರು ಸೇರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಆ ಕನಿಷ್ಠ ಮಟ್ಟ 155 ಡಿಗ್ರಿಗೆ ಇಳಿಯುತ್ತದೆ.

ಈಗ ಆಗುಂಬೆ ಘಾಟಿ ನೆನಪಿಸಿಕೊಳ್ಳಿ. ಸೋಮೇಶ್ವರ ತಲುಪುವ ಹೊತ್ತಿಗೆ 14 ಹೇರ್‌ಪಿನ್ ತಿರುವು, 500 ಮೀಟರಿಗೂ ಹೆಚ್ಚಿನ ಇಳಿತ. ಒಂದೂವರೆ ಟನ್ನಿನ ಕಾರು ಅಷ್ಟು ಎತ್ತರ ಇಳಿಯುವಾಗ ಎಲ್ಲೋ ಒಂದು ಕಡೆ ಕರಗಿಸಲೇಬೇಕಾದ ಶಕ್ತಿ, ಬಚ್ಚಲ ಹಂಡೆಯಲ್ಲಿ 20 ಲೀಟರ್ ತಣ್ಣೀರು ಕುದಿಸುವಷ್ಟು ಶಾಖಕ್ಕೆ ಸಮ. ಆಟೋಮ್ಯಾಟಿಕ್ ಗಾಡಿಯನ್ನು ಡಿ ಗೇರಿನಲ್ಲೇ ಬಿಟ್ಟು ಕಾಲು ಬ್ರೇಕಿನ ಮೇಲಿಟ್ಟುಕೊಂಡೇ ಇಳಿದರೆ ಅದರ ಬಹುಪಾಲು ಡಿಸ್ಕ್, ಪ್ಯಾಡ್, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ಗೆ ಹೋಗುತ್ತದೆ. ಕ್ಯಾಲಿಪರ್ ಒಳಗಿನ ಹಳೇ ದ್ರವ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಪ್ಯಾಡ್ ಹೊಸದಿತ್ತು ಎನ್ನುವುದರಿಂದ ಏನೂ ಪ್ರಯೋಜನವಿಲ್ಲ.

ಪರಿಹಾರ ಅಗ್ಗದ್ದು. ಎರಡು ವರ್ಷಕ್ಕೊಮ್ಮೆ, ಕಿಲೋಮೀಟರ್ ಎಷ್ಟೇ ಇರಲಿ, ನಾಲ್ಕೂ ಚಕ್ರದಿಂದ ಹಳೇ ದ್ರವ ಪೂರ್ತಿ ಹೊರಬರುವವರೆಗೆ ಬ್ಲೀಡ್ ಮಾಡಿಸುವುದು. ಡಬ್ಬಿಯಲ್ಲಿ ಕಡಿಮೆಯಾದಷ್ಟು ಮೇಲೆ ಸುರಿಯುವುದು ಬದಲಾವಣೆಯಲ್ಲ, ಏಕೆಂದರೆ ಕುದಿಯುವುದು ಕ್ಯಾಲಿಪರಿನಲ್ಲಿರುವ ಹಳೇ ದ್ರವ. ಮಳೆಗಾಲ ಕಳೆದ ಮೇಲೆ ಕ್ಯಾಲಿಪರಿನ ಸ್ಲೈಡ್ ಪಿನ್ ಬಿಚ್ಚಿ, ಒರೆಸಿ, ಅದಕ್ಕೆಂದೇ ಬರುವ ಗ್ರೀಸ್ ಹಾಕಿಸಬೇಕು. ಪಿನ್ ಜಾಮ್ ಆದರೆ ಒಳಗಿನ ಪ್ಯಾಡ್ ಮಾತ್ರ ಸವೆದು ಗಾಡಿ ಒಂದು ಬದಿಗೆ ಎಳೆಯುತ್ತದೆ. ಘಾಟಿಯಲ್ಲಿ ಆಟೋಮ್ಯಾಟಿಕ್ ಇದ್ದರೂ ಡಿ3, 2 ಅಥವಾ ಮ್ಯಾನುಯಲ್ ಮೋಡ್‌ಗೆ ಹಾಕಿ ಎಂಜಿನ್ ಹಿಡಿತದಲ್ಲೇ ಇಳಿಯಿರಿ.

ಬೆಲ್ಟೋ, ಚೈನೋ?

ಗಾಡಿ ಕೊಂಡ ವಾರದಲ್ಲೇ ಉತ್ತರ ಗೊತ್ತಿರಬೇಕಾದ ಪ್ರಶ್ನೆ ಇದು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು. ಪಿಸ್ಟನ್ ಮೇಲೆ ಬರುವಾಗ ವಾಲ್ವ್ ದಾರಿ ಬಿಟ್ಟಿರಬೇಕು. ಈ ಹೊಂದಾಣಿಕೆಯನ್ನು ಕಾಯುವುದು ಟೈಮಿಂಗ್ ಬೆಲ್ಟ್ ಅಥವಾ ಚೈನ್. ಬೆಲ್ಟ್ ತುಂಡಾದ ಕ್ಷಣ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ, ತೆರೆದು ನಿಂತ ವಾಲ್ವುಗಳಿಗೆ ಬಂದು ಬಡಿಯುತ್ತದೆ. ಆಮೇಲೆ ಹೆಡ್ ಬಿಚ್ಚಿ ವಾಲ್ವ್, ಗೈಡ್, ಗ್ಯಾಸ್ಕೆಟ್ ಎಲ್ಲ ಬದಲಿಸುವ ಖರ್ಚು ಗಾಡಿಯ ಬೆಲೆಯ ಹತ್ತಿರ ಹೋದರೆ ಆಶ್ಚರ್ಯವಿಲ್ಲ.

ಅಕಾರ್ಡಿನ 2.4 ಎಂಜಿನ್, ಕ್ಯಾಮ್ರಿಯ 2.4, 2003ರಲ್ಲಿ ಬಂದ ಕೊರೊಲಾದ 1.8, ಇವೆಲ್ಲ ಚೈನ್. ಅಕಾರ್ಡಿನದೇ ವಿ6 ಬೆಲ್ಟ್. ಆಕ್ಟೇವಿಯಾ, ಲಾರಾಗಳ ಟಿಡಿಐ ಡೀಸೆಲ್‌ಗಳೆಲ್ಲ ಬೆಲ್ಟ್. ಸುಪರ್ಬಿನ 1.8 ಟಿಎಸ್‌ಐ ಚೈನೇ ಆದರೂ ಆ ಪೀಳಿಗೆಯ ಎಂಜಿನ್ನಿನಲ್ಲಿ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಕೈಕೊಡುವುದಕ್ಕೆ ಜಗತ್ತಿನಾದ್ಯಂತ ಹೆಸರಾಗಿದೆ. ಬೆಳಗ್ಗೆ ಮೊದಲ ಸ್ಟಾರ್ಟಿನಲ್ಲಿ ಎರಡು ಸೆಕೆಂಡ್ ಗರಗರ ಸದ್ದು ಬಂದರೆ ಅದನ್ನು ಮುಂದೂಡುವಂತಿಲ್ಲ.

ಬೆಲ್ಟಿನ ಅಂತರ ಎಂಜಿನ್ನಿಗೊಂದು ಥರ. ಸಾಮಾನ್ಯವಾಗಿ 60 ಸಾವಿರದಿಂದ 1.2 ಲಕ್ಷ ಕಿ.ಮೀ.ವರೆಗೆ. ಆದರೆ ಐದಾರು ವರ್ಷ ಕಳೆದಿದ್ದರೆ ಅಥವಾ ಬದಲಿಸಿದ್ದಕ್ಕೆ ಬಿಲ್ ಇಲ್ಲದಿದ್ದರೆ, ಬದಲಿಸಿಲ್ಲವೆಂದೇ ತಿಳಿದು ನಡೆಯಬೇಕು. ಬರೀ ಬೆಲ್ಟ್ ಸಾಲದು. ಟೆನ್ಷನರ್, ಐಡ್ಲರ್, ಟಿಡಿಐನಲ್ಲಿ ಅದೇ ಬೆಲ್ಟ್ ತಿರುಗಿಸುವ ವಾಟರ್ ಪಂಪ್, ಎಲ್ಲ ಒಂದೇ ಸಲಕ್ಕೆ. ಪಂಪಿನ ಬೇರಿಂಗ್ ಹೋದರೆ ಹೊಸ ಬೆಲ್ಟನ್ನೂ ಕರೆದುಕೊಂಡೇ ಹೋಗುತ್ತದೆ. ಕೆಲಸ ಮಾಡುವವರ ಬಳಿ ಬೆಲ್ಟ್ ಬಿಚ್ಚಿದಾಗ ಕ್ಯಾಮ್, ಕ್ರ್ಯಾಂಕ್ ಅಲುಗದಂತೆ ಹಿಡಿಯುವ ಆ ಎಂಜಿನ್ನಿನ ಲಾಕಿಂಗ್ ಟೂಲ್ ಇದೆಯೇ ಎಂದು ಕೇಳಿ. "ಪೇಂಟಿನಲ್ಲಿ ಮಾರ್ಕ್ ಹಾಕಿ ಮಾಡ್ತೀವಿ" ಎಂದರೆ ಗಾಡಿ ವಾಪಸ್ ತಿರುಗಿಸಿ.

ಎಂಜಿನ್ ಆಯಿಲ್ ವಿಷಯದಲ್ಲಿ ನಮ್ಮವರು 5ಡಬ್ಲ್ಯೂ-40 ಎಂಬುದನ್ನಷ್ಟೇ ನೋಡುತ್ತಾರೆ. ಅದು ಗಟ್ಟಿತನದ ಅಂಕಿ ಮಾತ್ರ. ಡಬ್ಬಿಯ ಹಿಂದೆ ತಯಾರಕರ ಅನುಮೋದನೆಯ ಸಂಖ್ಯೆ ಇರುತ್ತದೆ, ಯುರೋಪಿನ ಗಾಡಿಗಳಿಗೆ ಮುಖ್ಯವಾದದ್ದು ಅದು. ಲಾರಾದ 1.9 ಟಿಡಿಐ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಪ್ರತಿ ಸಿಲಿಂಡರಿಗೂ ಇಂಜೆಕ್ಟರಿನೊಳಗೇ ಪಂಪ್ ಇದೆ, ಅದನ್ನು ಒತ್ತುವುದು ಕ್ಯಾಮ್‌ಶಾಫ್ಟ್. 2,000 ಬಾರ್ ಮೀರುವ ಒತ್ತಡ ಹುಟ್ಟಿಸುವ ಆ ಕ್ಯಾಮ್ ಮೇಲೆ ಬೀಳುವ ಭಾರಕ್ಕೆಂದೇ ಫೋಕ್ಸ್‌ವ್ಯಾಗನ್ 505.01 ಎಂಬ ಬೇರೆ ಮಾನದಂಡ ಮಾಡಿತು. ಅದಿಲ್ಲದ ಆಯಿಲ್ ಹಾಕಿದರೆ ಆ ದಿನ ಏನೂ ಆಗುವುದಿಲ್ಲ. ಕ್ಯಾಮಿನ ಉಬ್ಬುಗಳು ಸದ್ದಿಲ್ಲದೆ ಸವೆದು, ಒಂದು ದಿನ ಗಾಡಿಗೆ ಪಿಕಪ್ಪೇ ಇಲ್ಲ ಎನ್ನುವಾಗ ತಿಳಿಯುತ್ತದೆ.

ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲುಬಿಳಿ ನೊರೆ ಕಂಡು "ಹೆಡ್ ಗ್ಯಾಸ್ಕೆಟ್ ಹೋಗಿದೆ" ಎಂದು ಗಾಬರಿ ಬೀಳುವವರಿದ್ದಾರೆ, ಬೀಳಿಸುವವರೂ ಇದ್ದಾರೆ. ತೋಟದಿಂದ ಪೇಟೆಗೆ ಮೂರು ಕಿಲೋಮೀಟರ್, ಪೇಟೆಯಿಂದ ತೋಟಕ್ಕೆ ಮೂರು ಕಿಲೋಮೀಟರ್ ಎಂಬಂತೆ ಓಡಿಸಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಒಳಗಿನ ತೇವ ಆವಿಯಾಗದೆ ಅಲ್ಲಿ ಕೂರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಸ್ವಚ್ಛವಾಗಿದ್ದು ಕೂಲೆಂಟ್ ಮಟ್ಟ ಇಳಿಯದಿದ್ದರೆ ಶಿವಮೊಗ್ಗದವರೆಗೆ ಒಂದು ಉದ್ದದ ಓಟ ಸಾಕು. ಇಂಥ ಬಳಕೆಯಲ್ಲಂತೂ ಆಯಿಲನ್ನು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಲೇಬೇಕು.

ಗೇರ್‌ಬಾಕ್ಸ್ ಆಯಿಲ್ "ಜೀವನಪೂರ್ತಿ" ಎಂಬ ಮಾತನ್ನು ನಂಬಬೇಡಿ. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಿಗೆ 80 ಸಾವಿರದಿಂದ 1.2 ಲಕ್ಷ ಕಿ.ಮೀ. ನಡುವೆ ಬದಲಿಸಿ ಎನ್ನುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಆದ 6 ಗೇರಿನ ಡಿಎಸ್‌ಜಿಗೆ 60 ಸಾವಿರಕ್ಕೊಮ್ಮೆ ಆಯಿಲ್ ಮತ್ತು ಫಿಲ್ಟರ್. ಹೋಂಡಾಗೆ ಹೋಂಡಾದ್ದೇ ದ್ರವ ಬೇಕು, ಗೇರ್‌ಬಾಕ್ಸಿಗೂ ಪವರ್ ಸ್ಟೀರಿಂಗಿಗೂ. ಎಲ್ಲಕ್ಕೂ ಆಗುವ ಕೆಂಪು ಎಣ್ಣೆ ಎಂದು ಅಂಗಡಿಯಲ್ಲಿ ಕೊಟ್ಟದ್ದನ್ನು ಸುರಿಯಬೇಡಿ.

ಕೂಲಿಂಗ್: ಕಿತ್ತು ಬಿಸಾಡಿದ ಥರ್ಮೋಸ್ಟಾಟ್

"ಅಣ್ಣ, ನಮ್ ದೇಶಕ್ಕೆ ಥರ್ಮೋಸ್ಟಾಟ್ ಯಾಕೆ, ತೆಗೆದುಬಿಟ್ರೆ ಗಾಡಿ ಹೀಟೇ ಆಗಲ್ಲ." ಈ ಉಪದೇಶ ಕೇಳದ ಗಾಡಿ ಮಾಲೀಕರು ಕಡಿಮೆ. ಥರ್ಮೋಸ್ಟಾಟ್ ಎಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್. ಹೀಟ್ ಆಗುವುದಿಲ್ಲ ನಿಜ, ಆದರೆ ಬೇಕಾದಷ್ಟು ಬಿಸಿಯೂ ಆಗುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಆಯಿಲಿನಲ್ಲಿ ಮೇಲೆ ಹೇಳಿದ ತೇವ ಉಳಿಯುತ್ತದೆ. ಶೀತಗಾಳಿಯ ಡಿಸೆಂಬರ್ ಬೆಳಗಿನಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ ಓಡುವ ಗಾಡಿಗೆ ಥರ್ಮೋಸ್ಟಾಟ್ ಬೇಡವೆನ್ನುವುದು ಹೇಗೆ?

ಹೀಟ್ ಆಗುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಪ್ಲಾಸ್ಟಿಕ್. ರೇಡಿಯೇಟರಿನ ಎರಡು ತುದಿಯ ಟ್ಯಾಂಕ್, ಥರ್ಮೋಸ್ಟಾಟ್ ಗೂಡು, ಸ್ಕೋಡಾಗಳಲ್ಲಿ ಹೆಡ್ಡಿಗೆ ಕೂರುವ ಕೂಲೆಂಟ್ ಫ್ಲಾಂಜ್. ಸಾವಿರಾರು ಸಲ ಬಿಸಿಯಾಗಿ ತಣಿದ ಪ್ಲಾಸ್ಟಿಕ್ ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಹಂತಕ್ಕೆ ಬರುತ್ತದೆ. ಒಂದು ಹೋಸ್ ಒಡೆದರೆ ಹೋಸೊಂದನ್ನೇ ಬದಲಿಸಿ ಕೈತೊಳೆದುಕೊಳ್ಳಬೇಡಿ, ಉಳಿದವುಗಳ ವಯಸ್ಸೂ ಅಷ್ಟೇ. ಕೂಲೆಂಟಿನ ಬಣ್ಣ ನೋಡಿ ಬೆರೆಸುವುದೂ ಅಪಾಯ. ಬೇರೆ ಬೇರೆ ರಾಸಾಯನಿಕದ ಕೂಲೆಂಟ್‌ಗಳು ಸೇರಿದರೆ ಕೆಲವೊಮ್ಮೆ ಗೊಜ್ಜಾಗಿ ಹೀಟರ್ ಕೋರಿನ ಸಣ್ಣ ನಾಳಗಳನ್ನು ಕಟ್ಟಿಹಾಕುತ್ತವೆ. ಕೂಲೆಂಟಿಗೆ ಬೆರೆಸಲು ಬಾವಿನೀರು ಬೇಡ, ಡಿಸ್ಟಿಲ್ಡ್ ವಾಟರ್ ಹಾಕಿ.

ಸಸ್ಪೆನ್ಷನ್ನಿನಲ್ಲಿ ಇವು ಚಿಕ್ಕ ಕಾರುಗಳಂತಲ್ಲ. ಅಕಾರ್ಡಿನ ಮುಂಭಾಗದಲ್ಲಿ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿಯುವ ಡಬಲ್ ವಿಶ್‌ಬೋನ್ ಇತ್ತು. 2004ರಲ್ಲಿ ಬಂದ ಮೊದಲ ಸುಪರ್ಬಿನಲ್ಲಿ ಮುಂದಿನ ಪ್ರತಿ ಚಕ್ರಕ್ಕೆ ನಾಲ್ಕು ಆರ್ಮ್, ಒಟ್ಟು ಎಂಟು, ಪ್ರತಿಯೊಂದಕ್ಕೂ ರಬ್ಬರಿನ ಬುಷ್ ಮತ್ತು ಬಾಲ್ ಜಾಯಿಂಟ್. ಮೇಲಿನೆರಡನ್ನು ಹಿಡಿದಿರುವ ಉದ್ದದ ಬೋಲ್ಟ್ ತುಕ್ಕು ಹಿಡಿದು ಅಲ್ಯೂಮಿನಿಯಂ ಒಳಗೇ ಅಂಟಿಕೊಂಡರೆ ಅದೊಂದನ್ನು ತೆಗೆಯಲು ಅರ್ಧ ದಿನ ಹೋಗಬಹುದು. ಹಳ್ಳದಲ್ಲಿ ಕಟಕಟ ಎಂದರೆ ಎಲ್ಲವನ್ನೂ ಬದಲಿಸುವ ಮೊದಲು ಜಂಪಿಂಗ್ ರಾಡ್ (ಸ್ಟೆಬಿಲೈಸರ್ ಲಿಂಕ್) ನೋಡಿ. ಅಗ್ಗದ್ದು, ಬೇಗ ಹೋಗುವುದೂ ಅದೇ.

ಹೊಸ ಬುಷ್ ಹಾಕಿ ಆರೇ ತಿಂಗಳಿಗೆ ಹರಿದುಹೋಯಿತು, "ಮಾಲು ಸರಿ ಇಲ್ಲ" ಎಂಬ ದೂರು ಆಗಾಗ ಕೇಳಿಬರುತ್ತದೆ. ಹಲವು ಸಲ ತಪ್ಪು ಮಾಲಿನದಲ್ಲ. ಗಾಡಿ ಜ್ಯಾಕಿನ ಮೇಲಿದ್ದಾಗ ಚಕ್ರ ಕೆಳಗೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲೇ ಬುಷ್ಷಿನ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಮೇಲೆ ಒಳಗಿನ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿತ ಕೊಡಬೇಕು. ಒಳ್ಳೆಯ ಮೇಸ್ತ್ರಿಯನ್ನು ಗುರುತಿಸಲು ನನಗೆ ಗೊತ್ತಿರುವ ಸುಲಭ ಪರೀಕ್ಷೆ ಇದು.

ಸ್ಕ್ಯಾನರ್ ಪಾರ್ಟಿನ ಹೆಸರು ಹೇಳುವುದಿಲ್ಲ

ಇಂಥ ಗಾಡಿಗಳಲ್ಲಿ ಹೆಚ್ಚು ದುಡ್ಡು ಹೋಗುವುದು ಕೆಟ್ಟ ಪಾರ್ಟಿಗಲ್ಲ, ಕೆಡದ ಪಾರ್ಟನ್ನು ಬದಲಿಸಿದ್ದಕ್ಕೆ. ಚೆಕ್ ಲೈಟ್ ಬಂತು, ಸ್ಕ್ಯಾನರ್ ಹಾಕಿದರು, ಕೋಡ್ ಬಂತು, ಕೋಡಿನಲ್ಲಿ ಹೆಸರಿದ್ದ ಸೆನ್ಸರ್ ತರಿಸಿ ಹಾಕಿದರು, ವಾರಕ್ಕೆ ಲೈಟ್ ಮತ್ತೆ ಬಂತು. ಕೋಡ್ ಎಂದರೆ ಇಸಿಯು ಗಮನಿಸಿದ ಲಕ್ಷಣ. ಕಾರಣ ಹುಡುಕುವುದು ಮನುಷ್ಯನ ಕೆಲಸ.

ಪಿ0171 ತೆಗೆದುಕೊಳ್ಳಿ. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಇದರರ್ಥ. ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುವವರಿದ್ದಾರೆ, ಪಾಪ, ಸುದ್ದಿ ತಂದವನಿಗೇ ಶಿಕ್ಷೆ. ಸ್ಕ್ಯಾನರಿನಲ್ಲೇ ಫ್ಯುಯಲ್ ಟ್ರಿಮ್ ಎಂಬ ಅಂಕಿ ಇರುತ್ತದೆ, ಇಸಿಯು ತಾನಾಗಿ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಕೊಡುತ್ತಿದೆ ಎಂಬುದರ ಲೆಕ್ಕ. ಒಳಬರುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ಇರುವ ಎಂಜಿನ್ನಿನಲ್ಲಿ ಐಡಲಿಂಗ್‌ನಲ್ಲಿ ಅದು +20ರ ಹತ್ತಿರ ಇದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಕಡೆ ಇಳಿದರೆ, ಸೆನ್ಸರ್ ದಾಟಿದ ಮೇಲೆ ಎಲ್ಲೋ ಸೀಳಿದ ರಬ್ಬರ್ ಹೋಸ್‌ನಿಂದ ಗಾಳಿ ನುಗ್ಗುತ್ತಿದೆ. ಐಡಲಿಂಗ್‌ನಲ್ಲಿ ಸರಿಯಿದ್ದು ಏರು ಹತ್ತುವಾಗ ಹೆಚ್ಚಾದರೆ ಪಂಪ್, ಫಿಲ್ಟರ್ ಅಥವಾ ಕೊಳೆಯಾದ ಏರ್ ಫ್ಲೋ ಸೆನ್ಸರ್ ಕಡೆ ನೋಡಬೇಕು. ಐದು ನಿಮಿಷದ ಓದು, ಒಂದು ರೂಪಾಯಿ ಖರ್ಚಿಲ್ಲ.

ಮಿಸ್ಸಿಂಗ್‌ಗೂ ಹೀಗೇ ಪುಕ್ಕಟೆ ಪರೀಕ್ಷೆಯಿದೆ. ಪಿ0302 ಎಂದರೆ ಎರಡನೇ ಸಿಲಿಂಡರ್ ಉರಿಯುತ್ತಿಲ್ಲ. ಎರಡನೆಯದರ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವುದು) ತೆಗೆದು ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಪಿ0303 ಬಂದರೆ ಕಾಯಿಲ್ ಹೋಗಿದೆ. ಪಿ0302ವೇ ಉಳಿದರೆ ಪ್ಲಗ್ಗೋ ಇಂಜೆಕ್ಟರೋ ಕಂಪ್ರೆಷನ್ನೋ ನೋಡಬೇಕು.

ಎರಡು ಮೂರು ದೀಪ ಒಟ್ಟಿಗೆ ಹತ್ತಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಕೋಡ್‌ಗಳು ಬಂದರೆ ಮೊದಲು ನೋಡಬೇಕಾದ್ದು ಬ್ಯಾಟರಿ ಮತ್ತು ಅರ್ಥ್, ಅಂದರೆ ಬ್ಯಾಟರಿಯ ಮೈನಸ್ಸನ್ನು ಬಾಡಿ, ಎಂಜಿನ್ನಿಗೆ ಸೇರಿಸುವ ಪಟ್ಟಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ಮೀರಿ ತೋರಿಸಿದರೆ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆ. ಆಗುಂಬೆಯಂಥ, ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಬೀಳುವ ಕಡೆ ಇದು ಅಪರೂಪದ ರೋಗವಲ್ಲ.

ಮಳೆಯ ಇನ್ನೊಂದು ಕಾಟ ಗಾಜಿನ ಕೆಳಗೆ. ವೈಪರ್ ಕೂರುವ ಜಾಗದಲ್ಲಿ ನೀರು ಹೊರಹೋಗುವ ತೂತುಗಳಿವೆ. ಮರದ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ಎಲೆ, ಹೂವು, ಮಣ್ಣು ಸೇರಿ ಅವು ಮುಚ್ಚಿಕೊಳ್ಳುತ್ತವೆ. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಪೈಪುಗಳೂ ಹಾಗೆಯೇ. ನಿಂತ ನೀರು ಕ್ಯಾಬಿನ್ನಿಗೆ ಇಳಿದು ಮ್ಯಾಟ್ ಕೆಳಗಿನ ದಪ್ಪ ಫೋಮಿನಲ್ಲಿ ಕೂರುತ್ತದೆ. ಮೇಲೆ ಕೈಯಾಡಿಸಿದರೆ ಒಣಗಿದಂತೆ ಕಾಣುತ್ತದೆ. ಮೊದಲ ಸುಪರ್ಬಿನಲ್ಲಿ ಬಾಗಿಲು, ಗಾಜು, ಲಾಕ್ ನೋಡಿಕೊಳ್ಳುವ ಕಂಟ್ರೋಲ್ ಮಾಡ್ಯೂಲ್ ಇರುವುದೇ ಆ ಕಾರ್ಪೆಟ್ ಅಡಿಯಲ್ಲಿ. ಅದು ನೆನೆದರೆ ಗಾಜು ತಾನಾಗಿ ಇಳಿಯುವುದು, ರಾತ್ರಿ ಬ್ಯಾಟರಿ ಖಾಲಿಯಾಗುವುದು ಎಲ್ಲ ಶುರು. ಗಾಡಿ ಲಾಕ್ ಆಗಿ ಮಾಡ್ಯೂಲ್‌ಗಳೆಲ್ಲ ನಿದ್ದೆಗೆ ಹೋದ ಮೇಲೆ ಬ್ಯಾಟರಿಯಿಂದ ಹರಿಯುವ ಕರೆಂಟ್ 50 ಮಿಲಿಆಂಪಿಯರ್ ಒಳಗಿರಬೇಕು. ಮೇ ಮುಗಿಯುವುದರೊಳಗೆ ಆ ತೂತುಗಳನ್ನು ಬಿಡಿಸಿಡುವುದು ಮಲೆನಾಡಿನ ಮಟ್ಟಿಗೆ ಆಯಿಲ್ ಬದಲಿಸಿದಷ್ಟೇ ಮುಖ್ಯದ ಸರ್ವಿಸ್.

ಇಲಿಗಳ ಬಗ್ಗೆ ಬರೆದರೆ ಅದೇ ಒಂದು ಪುರಾಣ. ಅಡಿಕೆ ಮನೆ ಪಕ್ಕ ನಿಲ್ಲುವ ಗಾಡಿಯ ಬಾನೆಟ್ ಒಳಗೆ ಬಿಸಿಗೆ ಬಂದು ಕೂತು ವೈರ್ ಕಡಿಯುತ್ತವೆ. ಕಡಿದಲ್ಲಿ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಹಸಿರು ಹಿಡಿಯುತ್ತದೆ. ಒಳಗೆ ಅಂಟು ಇರುವ, ಬಿಸಿ ತಾಗಿದರೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ. ಲೆದರ್ ಸೀಟಿಗೆ ಬೂಷ್ಟು ಬರುವುದನ್ನು ತಡೆಯಲು ಮಳೆಗಾಲದಲ್ಲೂ ಎ.ಸಿ. ಹಾಕಿಯೇ ಓಡಿಸಿ, ಗಾಳಿಯ ತೇವವನ್ನು ತೆಗೆಯುವುದು ಅದೇ. ಮತ್ತೆ, ಎ.ಸಿ. ಗ್ಯಾಸ್ ಬಳಸಿ ಮುಗಿಯುವ ವಸ್ತುವಲ್ಲ. ಪ್ರತಿ ಬೇಸಿಗೆ ಗ್ಯಾಸ್ ತುಂಬಿಸುತ್ತಿದ್ದೀರಿ ಎಂದರೆ ಪ್ರತಿ ಬೇಸಿಗೆ ಲೀಕ್ ಹುಡುಕದೆ ಬಿಡುತ್ತಿದ್ದೀರಿ.

ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇದು ಈಗ ಎಲ್ಲ ಬಂಕುಗಳಲ್ಲೂ ಮಾಮೂಲು. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಹಳೇ ಗಾಡಿಗೆ ನಿಜವಾದ ಚಿಂತೆ ಇಂಧನದ ಹಾದಿಯ ರಬ್ಬರ್. ಪೆಟ್ರೋಲ್ ವಾಸನೆ ಬಂದರೆ ಅಲಕ್ಷ್ಯ ಮಾಡದೆ ಹೋಸ್, ಇಂಜೆಕ್ಟರಿನ ಓ-ರಿಂಗ್ ಬದಲಿಸಿ, ಎಥನಾಲ್ ತಡೆಯುವ ಒಳಪದರದ ಹೋಸನ್ನೇ ಕೇಳಿ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ, ಎಥನಾಲ್ ಕೂಡ ತೇವ ಹೀರುತ್ತದೆ.

ಪಾರ್ಟ್ ತರಿಸುವುದು

ಚಾಸಿ ನಂಬರಿನ 17 ಅಕ್ಷರಗಳ ಫೋಟೋ ಫೋನಿನಲ್ಲಿರಲಿ. ಅದರಿಂದ ಪಾರ್ಟ್ ನಂಬರ್, ಪಾರ್ಟ್ ನಂಬರಿನಿಂದ ಮಾಲು, ಈ ಕ್ರಮ ತಪ್ಪಬಾರದು. "ಲಾರಾ ಬ್ರೇಕ್ ಪ್ಯಾಡ್ ಕೊಡಿ" ಎಂದರೆ ಬೇರೆ ಅಳತೆಯದು ಬರುವ ಸಾಧ್ಯತೆಯೇ ಹೆಚ್ಚು. ಕಾರು ಕಂಪನಿಗಳು ಹೆಚ್ಚಿನ ಪಾರ್ಟ್‌ಗಳನ್ನು ತಾವೇ ಮಾಡುವುದಿಲ್ಲ. ಬಾಷ್, ಸ್ಯಾಕ್ಸ್, ಲೆಮ್‌ಫರ್ಡರ್, ಡೆನ್ಸೊ, ಐಸಿನ್, ಎನ್‌ಜಿಕೆ ಮುಂತಾದವರು ಮಾಡಿಕೊಡುತ್ತಾರೆ. ಅದೇ ಮಾಲು ಕಾರು ಕಂಪನಿಯ ಡಬ್ಬಿಯಿಲ್ಲದೆ, ಮಾಡಿದವರದ್ದೇ ಡಬ್ಬಿಯಲ್ಲಿ ಕಡಿಮೆಗೆ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಸಂಜೆ ಫೋನ್ ಮಾಡಿದರೆ ರಾತ್ರಿ ಬಸ್ಸಿನ ಪಾರ್ಸಲಿನಲ್ಲಿ ಬೆಳಗ್ಗೆ ಶಿವಮೊಗ್ಗಕ್ಕೆ ಬಂದಿರುತ್ತದೆ. ಬಾಗಿಲ ಹ್ಯಾಂಡಲ್, ಹೆಡ್‌ಲೈಟ್, ಮಿರರ್, ಸೀಟಿನ ಸ್ವಿಚ್ ಗುಜರಿಯಲ್ಲಿ ಧಾರಾಳವಾಗಿ ಕೊಳ್ಳಬಹುದು. ಬ್ರೇಕ್, ಬೆಲ್ಟ್, ಬುಷ್, ಹೋಸ್ ಮಾತ್ರ ಗುಜರಿಯಲ್ಲಿ ಬೇಡವೇ ಬೇಡ, ಅವುಗಳ ವಯಸ್ಸೂ ನಿಮ್ಮ ಗಾಡಿಯಷ್ಟೇ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಸಸ್ಪೆನ್ಷನ್, ಬ್ರೇಕ್, ಎ.ಸಿ., ಟಿಂಕರಿಂಗ್, ಲೇತ್ ಕೆಲಸಕ್ಕೆ ಪಳಗಿದ ಕೈಗಳಿವೆ. 7 ಗೇರಿನ ಡಿಎಸ್‌ಜಿಯ ಮೆಕಾಟ್ರಾನಿಕ್ (ಗೇರ್ ಬದಲಿಸುವ ಕಂಟ್ರೋಲ್ ಘಟಕ), ಕೀ ಕೋಡಿಂಗ್, ಏರ್‌ಬ್ಯಾಗ್ ಮಾಡ್ಯೂಲ್ ಇಂಥವಕ್ಕೆ ಆ ಕಂಪನಿಯದೇ ಸಾಫ್ಟ್‌ವೇರ್ ಇರುವ ಬೆಂಗಳೂರು ಅಥವಾ ಮಂಗಳೂರಿನ ಗ್ಯಾರೇಜಿಗೆ ಹೋಗುವುದೇ ಕೊನೆಗೆ ಅಗ್ಗ.

ಕೊಳ್ಳುವ ಮೊದಲು ಆರ್‌ಸಿ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ತಪಾಸಣೆ ಮುಗಿದ ಮೇಲೆ 5 ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದು 10,000 ಆಯಿತು. ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ 60 ದಿನ ಮುಂಚಿನಿಂದ ಹಾಕಬಹುದು, ತಡವಾದರೆ ತಿಂಗಳಿಗೆ 500 ರೂಪಾಯಿ ದಂಡ ಸೇರುತ್ತ ಹೋಗುತ್ತದೆ. 2010ರ ಗಾಡಿಯನ್ನು ಈಗ ಕೊಳ್ಳುವವರು ಈ ಮೊತ್ತವನ್ನು, ತಪಾಸಣೆಗೆ ಮುಂಚೆ ಮಾಡಿಸಬೇಕಾದ ಬ್ರೇಕ್, ಲೈಟ್, ಟೈರ್ ಖರ್ಚನ್ನು ಚೌಕಾಸಿಯಲ್ಲೇ ಹಿಡಿದುಕೊಳ್ಳಬೇಕು.